ವಾರ್ಡಿನ ನಾಲ್ಕನೇ ಪ್ರಶ್ನೆ

ನಮ್ಮ ಕಡೆ ವಾರ್ಡು ಚುನಾವಣೆಗೆ ನಿಂತವರು ಮನೆ ಬಾಗಿಲಿಗೆ ಬಂದರೆ ಜನ ಕೇಳುವುದು ನಾಲ್ಕೇ ಪ್ರಶ್ನೆ. ನಲ್ಲಿಯಲ್ಲಿ ನೀರು ಸರಿಯಾಗಿ ಯಾವಾಗ ಬರುತ್ತದೆ? ಗಟಾರಕ್ಕೆ ಚಪ್ಪಡಿ ಯಾವಾಗ ಹಾಕಿಸುತ್ತೀರಿ? ಕಂಬದ ದೀಪ ಯಾವಾಗ ಹತ್ತುತ್ತದೆ? ಹಕ್ಕುಪತ್ರ ಯಾವಾಗ ಕೊಡಿಸುತ್ತೀರಿ? ಮೊದಲ ಮೂರಕ್ಕೆ ಗೆದ್ದವರು ಏನಾದರೂ ಮಾಡಬಲ್ಲರು. ನಾಲ್ಕನೆಯದು ಅವರ ಕೈಯಲ್ಲಿ ಇಲ್ಲವೇ ಇಲ್ಲ. ಆದರೆ ಓಟು ಬೀಳುವುದು ಬಹಳ ಸಲ ಆ ನಾಲ್ಕನೆಯದರ ಮೇಲೆ.

ಸಾಗರ ನಗರಸಭೆಗೆ 31 ವಾರ್ಡು, ತೀರ್ಥಹಳ್ಳಿ ಪಟ್ಟಣ ಪಂಚಾಯಿತಿಗೆ 15, ಹೊಸನಗರಕ್ಕೆ 11. ಮೂರೂ ಸಣ್ಣ ಊರುಗಳೇ. ಬಸ್‌ಸ್ಟ್ಯಾಂಡಿನಿಂದ ಯಾವ ದಿಕ್ಕಿಗೆ ನಡೆದರೂ ಅರ್ಧ ಗಂಟೆಯಲ್ಲಿ ಅಡಿಕೆ ತೋಟವೋ ಕಾಡೋ ಸಿಗುತ್ತದೆ. ಇಂಥ ಊರಲ್ಲಿ ವಸತಿ ಸಮಸ್ಯೆ ಎಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರ ಲೆಕ್ಕದಲ್ಲಿ ವಸತಿ ಸಮಸ್ಯೆ ಎಂದರೆ ಬಾಡಿಗೆ, ಅಡ್ವಾನ್ಸು, ಇಎಂಐ. ನಮ್ಮಲ್ಲಿ ಅದೂ ಇದೆ. ಅಡಿಕೆ ಧಾರಣೆ ಏರಿದಾಗ ಊರಂಚಿನ ಸೈಟಿನ ದರವೂ ಅದರ ಹಿಂದೆಯೇ ಏರುತ್ತದೆ. ತೋಟವಿದ್ದವರು ಮಕ್ಕಳ ಓದಿಗೆಂದು ಪೇಟೆಯಲ್ಲೊಂದು ಮನೆ ಮಾಡುತ್ತಾರೆ, ಅದೇ ತೋಟದಲ್ಲಿ ಗೊನೆ ಹೊತ್ತವರು ಪೇಟೆಯ ಇನ್ನೂ ಆಚೆ ತುದಿಗೆ ಸರಿಯುತ್ತಾರೆ. ಆದರೆ ನಾನು ಹೇಳಹೊರಟ ಸಮಸ್ಯೆ ಮನೆ ಇಲ್ಲದ್ದಲ್ಲ. ಮನೆ ಇದೆ. ಮನೆಯಡಿಯ ನೆಲಕ್ಕೆ ಕಾಗದ ಇಲ್ಲ.

ಕಾಗದವಿಲ್ಲದ್ದಕ್ಕೆ ಏನಾಗುತ್ತದೆ ಎಂದು ಕೇಳಬಹುದು. ನನ್ನ ಚಿಕ್ಕಮ್ಮನ ಮನೆಯನ್ನೇ ನೋಡಿ. ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ಕರೆಂಟಿದೆ, ನಲ್ಲಿ ಇದೆ, ರೇಷನ್ ಕಾರ್ಡು ಅದೇ ವಿಳಾಸಕ್ಕಿದೆ, ಮತದಾರರ ಪಟ್ಟಿಯಲ್ಲಿ ಅದೇ ಮನೆಯ ನಂಬರಿದೆ. ಆದರೆ ಹಿಂದಿನ ಗೋಡೆ ಮಳೆಗೆ ಕುಸಿದಾಗ ವಸತಿ ಯೋಜನೆಯ ಅನುದಾನಕ್ಕೆ ಅರ್ಜಿ ಹಾಕಲಾಗಲಿಲ್ಲ. ಮನೆ ಕಟ್ಟಲು ಸರ್ಕಾರ ಹಣ ಕೊಡುವುದು ನಿವೇಶನದ ದಾಖಲೆ ತೋರಿಸಿದವರಿಗೆ. ಅಂದರೆ ನೆಲ ನಿಮ್ಮದೆಂದು ಸಾಬೀತಾದರೆ ಮಾತ್ರ ನೀವು ಬಡವರು ಎಂಬುದು ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಅದು ಇನ್ನೊಂದು ಕತೆ. ಗೋಡೆಯ ಜಾಗಕ್ಕೆ ನೀಲಿ ಟಾರ್ಪಾಲು ಬಂತು. ಮಲೆನಾಡಿನ ಪೇಟೆಗಳ ಅಂಚನ್ನು ಜೂನ್ ತಿಂಗಳಲ್ಲಿ ಎತ್ತರದಿಂದ ನೋಡಿದರೆ ಹಂಚಿನ ಕೆಂಪಿನ ನಡುನಡುವೆ ಆ ನೀಲಿ ತೇಪೆಗಳು ಕಾಣುತ್ತವೆ. ನನಗಂತೂ ಕಾಗದವಿಲ್ಲದವರ ನಕ್ಷೆಯ ಹಾಗೆಯೇ ಅದು ಕಾಣುತ್ತದೆ.

ಈ ಜನ ಎಲ್ಲಿಂದ ಬಂದರು ಎಂಬುದನ್ನು ಸ್ವಲ್ಪ ಹಿಂದೆ ಹೋಗಿ ಹೇಳಬೇಕು.

1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ನಮ್ಮ ಜಿಲ್ಲೆಯ ಶಾಲಾ ಮಕ್ಕಳಿಗೂ ಗೊತ್ತು. ಸಾಗರಕ್ಕೆ ಹತ್ತಿರದ ಆ ಹಳ್ಳಿಯಲ್ಲಿ ಗೇಣಿ ಅಳೆಯುವ ಕೊಳಗವೇ ದೊಡ್ಡದಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ದೀವರ ಗೇಣಿದಾರರು ತಿರುಗಿ ನಿಂತರು. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಗೆಳೆಯರು ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಇಲ್ಲಿ ಬಂಧನಕ್ಕೊಳಗಾದರು. ಮರುವರ್ಷ, 1952ರ ಮೊದಲ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದರು. ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಈ ಮೂರು ತಾಲ್ಲೂಕುಗಳನ್ನು ಒಂದೇ ಹೆಸರು ಹೊಲಿದಿಟ್ಟಂತಿದೆ. ಓಟಿನ ಜೊತೆ ಒಂದು ನೋಟನ್ನೂ ಕೇಳುವ ಅವರ ಪ್ರಚಾರದ ನೆನಪು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಹಣ ಹಂಚುವ ಚುನಾವಣೆ ನೋಡಿ ಬೆಳೆದ ನನ್ನ ವಯಸ್ಸಿನವರಿಗೆ ಹಣ ಕೇಳುವ ಚುನಾವಣೆ ಅಂದರೆ ಪುರಾಣವೇ.

ಆ ಹೋರಾಟದ ಫಲ ಪೂರ್ತಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟರು. ಡಿಕ್ಲರೇಶನ್ ಎಂಬ ಇಂಗ್ಲಿಷ್ ಪದ ನಮ್ಮ ಹಳ್ಳಿಗಳ ಮುದುಕಿಯರ ಬಾಯಲ್ಲೂ ಉಳಿದಿರುವುದು ಆ ಕಾಲದಿಂದ. ಉಳುವವನಿಗೆ ಹೊಲ ಸಿಕ್ಕಿತು. ದೇಶದಲ್ಲಿ ಕೆಲವೇ ಕಡೆ ಆದದ್ದು ಇಲ್ಲಿ ಆಯಿತು, ಅದರ ಬಗ್ಗೆ ನನಗೂ ಹೆಮ್ಮೆಯಿದೆ.

ಆದರೆ ನಮ್ಮ ಅಜ್ಜ ಗೇಣಿದಾರನಾಗಿರಲಿಲ್ಲ. ಹೊಸನಗರ ತಾಲ್ಲೂಕಿನ ಒಂದು ದೊಡ್ಡ ಮನೆಯ ತೋಟದ ಅಂಚಿನಲ್ಲಿ ಅವರ ಬಿಡಾರ. ಮಣ್ಣಿನ ಗೋಡೆ, ಮೇಲೆ ಸೋಗೆ. ಗೇಣಿ ಚೀಟಿ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ. ಏಳನೇ ನಮೂನೆಯಲ್ಲಿ ಅವರು ತುಂಬಬಹುದಾದ ಒಂದು ಗೆರೆಯೂ ಇರಲಿಲ್ಲ. ಮುಂದೆ ಒಡೆಯರ ಮನೆ ಪಾಲಾಯಿತು, ಬಿಡಾರವಿದ್ದ ತುಂಡು ಯಾವ ತಮ್ಮನ ಪಾಲಿಗೆ ಬಂತೋ ಅವರಿಗೆ ಅಲ್ಲಿ ತೋಟ ಬೆಳೆಸಬೇಕಾಗಿತ್ತು. ಜಗಳವೇನೂ ಆಗಲಿಲ್ಲವಂತೆ. ಸೋಗೆ ಹೊದಿಸುವ ಕಾಲಕ್ಕೆ ಈ ವರ್ಷ ಹೊದಿಸಬೇಡಿ ಎಂದರಂತೆ. ಅಷ್ಟೇ. ಮಲೆನಾಡಿನ ಮಳೆಗಾಲದ ಮುಂಚೆ ಆ ಮಾತಿಗೆ ಬೇರೆ ಅರ್ಥವಿಲ್ಲ.

ಪೇಟೆಯ ಅಂಚಿನ ಸರ್ಕಾರಿ ಜಾಗಗಳಿಗೆ ಹೀಗೆ ಬಂದು ಸೇರಿದವರು ಒಂದೇ ಬಗೆಯವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಹಿನ್ನೀರಿಗೆ ಊರು ಬಿಟ್ಟವರಿದ್ದಾರೆ. ಆಮೇಲೆ ಹೊಸನಗರ ತಾಲ್ಲೂಕಿನಲ್ಲಿ ಮಾಣಿ, ಚಕ್ರಾ, ಸಾವೇಹಕ್ಲು ಜಲಾಶಯಗಳಿಗೆ ಬಿಟ್ಟವರಿದ್ದಾರೆ. ಶರಾವತಿಯ ಸಂತ್ರಸ್ತರಿಗೆ ಅಂದು ಕಾಡಿನಲ್ಲಿ ಜಾಗ ತೋರಿಸಿದರು, ಆದರೆ ಆ ಜಾಗ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. ಅದನ್ನು ಸರಿಪಡಿಸಲು ರಾಜ್ಯ ಸರ್ಕಾರ ಹೊರಡಿಸಿದ ಅಧಿಸೂಚನೆಗಳೂ ಕೇಂದ್ರದ ಅನುಮತಿಯಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಬಿದ್ದುಹೋದವು. ನಾಡಿಗೆಲ್ಲ ಕರೆಂಟು ಕೊಟ್ಟವರ ಮೂರನೇ ತಲೆಮಾರು ಇನ್ನೂ ಹಕ್ಕುಪತ್ರ ಕೇಳುತ್ತಿದೆ. ಘಟ್ಟದ ಕೆಳಗಿನಿಂದ ಕೆಲಸ ಹುಡುಕಿ ಬಂದವರಿದ್ದಾರೆ. ಪೇಟೆಯ ಕಸ ಬಾಚಲು ಬಂದವರಿದ್ದಾರೆ. ಇವರೆಲ್ಲರ ಮನೆಗಳೂ ಒಂದೇ ಸಾಲಿನಲ್ಲಿ ನಿಂತಿವೆ.

ಪಿಎಚ್.ಡಿ.ಗೆಂದು ಭೂಸುಧಾರಣೆಯ ಕಾಯಿದೆ ಓದುವಾಗ ಅದರ 38ನೇ ಕಲಮು ನನ್ನ ಕಣ್ಣಿಗೆ ಬಿತ್ತು. ಬೇರೆಯವರ ಜಮೀನಿನಲ್ಲಿರುವ ಮನೆಯಲ್ಲಿ ವಾಸ ಮಾಡುವ ಕೃಷಿ ಕಾರ್ಮಿಕನಿಗೆ ಆ ಮನೆಯೂ ಅದರಡಿಯ ನೆಲವೂ ಸೇರಬೇಕೆಂದು ಅದು ಹೇಳುತ್ತದೆ. ಅಂದರೆ ಉಳುವವನಿಗೆ ಹೊಲ ಕೊಟ್ಟ ಕಾಯಿದೆಯೇ ಕೂಲಿಗೆ ಬಿಡಾರವನ್ನೂ ಕೊಟ್ಟಿತ್ತು. ಏಳನೇ ನಮೂನೆಯ ಹೆಸರು ಹಳ್ಳಿಹಳ್ಳಿಗೆ ಗೊತ್ತಾಯಿತು, ಏಕೆಂದರೆ ಗೇಣಿದಾರರಿಗೆ ಸಂಘವಿತ್ತು, ಪಕ್ಷವಿತ್ತು, ಇಪ್ಪತ್ತು ವರ್ಷದ ಹೋರಾಟವಿತ್ತು. 38ನೇ ಕಲಮಿನ ಸುದ್ದಿ ನಮ್ಮ ಅಜ್ಜನ ಬಿಡಾರದವರೆಗೆ ಬಂದೇ ಇರಲಿಲ್ಲ. ಲೈಬ್ರರಿಯಿಂದ ಹೊರಗೆ ಬಂದು ಚಿಕ್ಕಮ್ಮನಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಂತ ಮಾರಾಯ್ತಿ, ಐವತ್ತು ವರ್ಷ ಲೇಟಾಗಿ ಓದಿದ್ಯಲ್ಲೇ" ಎಂದರು. ಒಲೆ ಮೇಲೆ ಹಾಲಿದೆ ಎಂದು ಫೋನಿಟ್ಟರು.

ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ಇದೇ ಕಲಮಿಗೆ 38ಎ ಸೇರಿತು. ತಾಂಡಾ, ಹಟ್ಟಿ, ಹಾಡಿಗಳಂಥ ದಾಖಲೆಯಿಲ್ಲದ ವಸತಿಗಳಲ್ಲಿ ವಾಸಿಸುವವನೇ ನೆಲದೊಡೆಯ ಎಂಬ ಮಾತು ಆಗ ಹುಟ್ಟಿತು. ಉಳುವವನ ಪಕ್ಕದಲ್ಲಿ ಕೊನೆಗೂ ವಾಸಿಸುವವನೂ ಬಂದು ನಿಂತ. ಆದರೆ ಅಷ್ಟು ಹೊತ್ತಿಗೆ ಬಿಡಾರಗಳು ಬಿದ್ದು ಆ ಜನ ಪೇಟೆಗೆ ಬಂದಾಗಿತ್ತು. ಪೇಟೆಯ ಸರ್ಕಾರಿ ಜಾಗದ ಮನೆಗಳಿಗೆ ಬೇರೆ ಕಾಯಿದೆ. ಭೂಕಂದಾಯ ಕಾಯಿದೆಯ 94ಸಿ ಹಳ್ಳಿಗೆ, 94ಸಿಸಿ ಪೇಟೆಗೆ. ಇಂತಿಂಥ ತಾರೀಖಿನ ಮುಂಚೆಯೇ ಮನೆ ಕಟ್ಟಿಕೊಂಡಿದ್ದೆ ಎಂದು ತೋರಿಸಿದರೆ ಅದನ್ನು ಸಕ್ರಮ ಮಾಡಿಕೊಡಬಹುದು. ತೋರಿಸುವುದು ಹೇಗೆ ಎಂಬುದೇ ಪ್ರಶ್ನೆ.

ಸಾಗರ, ಹೊಸನಗರಗಳಲ್ಲಿ 2019ರ ಮೇ ಕೊನೆಯಲ್ಲಿ ಸ್ಥಳೀಯ ಸಂಸ್ಥೆಗೆ ಚುನಾವಣೆಯಾಯಿತು. ಆಗ ಚಿಕ್ಕಮ್ಮನ ವಾರ್ಡಿನಲ್ಲಿ ಹೊಲಿಗೆ ಮಾಡುವ ಒಬ್ಬ ಅಕ್ಕ ಪಕ್ಷೇತರರಾಗಿ ನಿಂತರು. ಯಾವ ಊರು, ಎಷ್ಟನೇ ವಾರ್ಡು ಎಂದು ಹೇಳುವುದಿಲ್ಲ. ಆ ಮನೆಗಳ ಅರ್ಜಿಗಳು ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿವೆ, ನನ್ನ ಬರಹದಿಂದ ಅವಕ್ಕೆ ತೊಂದರೆಯಾಗುವುದು ಬೇಡ. ನಾನಾಗ ಎಂ.ಎ. ಓದುತ್ತಿದ್ದೆ, ರಜೆಯಲ್ಲಿ ಅಲ್ಲಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನೂ ಸೇರಿಸಿಕೊಂಡರು.

ಅಕ್ಕನ ಹತ್ತಿರ ಹಣವಿರಲಿಲ್ಲ. ಸ್ತ್ರೀಶಕ್ತಿ ಸಂಘದವರು ಮನೆಗೆ ಹತ್ತು ರೂಪಾಯಿಯಂತೆ ಎತ್ತಿದರು. ಗೋಪಾಲಗೌಡರ ಕಾಲದ ನೋಟಿನ ಕತೆ ಹೇಳಿದ್ದು ಅಲ್ಲಿನ ಒಬ್ಬ ಮುದುಕರು, ಹೇಳಿ ತಾವೇ ಮೊದಲು ಹತ್ತು ಕೊಟ್ಟರು. ಚಿಹ್ನೆಗೆ ಹೊಲಿಗೆ ಯಂತ್ರ ಕೇಳಿದ್ದರು, ಅದು ಸಿಗಲಿಲ್ಲ. ಸಿಕ್ಕಿದ್ದು ಗ್ಯಾಸ್ ಸಿಲಿಂಡರು. "ಹೊಲೀತೀನಿ ಅಂತ ಹೇಳ್ಬಹುದಿತ್ತು, ಈಗ ಸಿಡೀತೀನಿ ಅಂತ ಹೇಳ್ಬೇಕಾ" ಎಂದು ಅಕ್ಕ ನಗುತ್ತಿದ್ದರು.

ಮೊದಲ ದಿನದ ಸುತ್ತಾಟದಲ್ಲಿಯೇ ನಾಲ್ಕನೇ ಪ್ರಶ್ನೆ ಬಂತು. ದೊಡ್ಡ ಪಕ್ಷಗಳವರು ಅದಕ್ಕೆ ಕೊಡುವ ಉತ್ತರ ಎಲ್ಲರಿಗೂ ಬಾಯಿಪಾಠ: ಗೆಲ್ಲಿಸಿ, ಮಾಡಿಸಿಕೊಡೋಣ. ಅಕ್ಕ ಬೇರೆಯೇ ಹೇಳಿದರು. ಹಕ್ಕುಪತ್ರ ಕೊಡುವುದು ತಹಶೀಲ್ದಾರರು, ವಾರ್ಡು ಮೆಂಬರಿಗೆ ಅದರಲ್ಲಿ ಸಹಿಯೂ ಇಲ್ಲ. ಆಶ್ರಯ ಸೈಟಿನ ಪಟ್ಟಿ ಮಾಡುವ ಸಮಿತಿಗೆ ಶಾಸಕರು ಅಧ್ಯಕ್ಷರು. ಮನೆ ಕಟ್ಟುವ ದುಡ್ಡು ಬೆಂಗಳೂರಿನ ನಿಗಮದಿಂದ. ಮೆಂಬರು ಏನು ಮಾಡಬಹುದು ಅಂದರೆ ನಿಮ್ಮ ಜೊತೆ ಆಫೀಸಿಗೆ ಬರಬಹುದು. ಅದನ್ನು ಗೆಲ್ಲದೇ ಇದ್ದರೂ ಮಾಡಬಹುದು. ಹೀಗೆ ಹೇಳಿದರೆ ಯಾರು ಓಟು ಹಾಕುತ್ತಾರೆ ಎಂದು ನಮ್ಮ ಗುಂಪಿನವರೇ ಬೈದರು. ನನಗೂ ಹಾಗೇ ಅನಿಸಿತ್ತು.

ಆದರೆ ಅದೇ ಸಂಜೆಯಿಂದ ಕರಪತ್ರದ ಬದಲು ಒಂದು ಉದ್ದನೆಯ ಲೆಕ್ಕದ ಪುಸ್ತಕ ನಮ್ಮ ಜೊತೆ ಮನೆಮನೆಗೆ ಬರತೊಡಗಿತು. ಒಂದು ಮನೆಗೆ ಒಂದು ಪುಟ. ಮನೆ ಕಟ್ಟಿದ್ದು ಯಾವಾಗ, ಅದಕ್ಕೆ ಏನು ಗುರುತಿದೆ. ಆ ಗುರುತು ಹುಡುಕುವುದರಲ್ಲೇ ಪ್ರಚಾರದ ದಿನಗಳೆಲ್ಲ ಮುಗಿದವು ಎನ್ನಬೇಕು. ಹಳೆಯ ಕರೆಂಟು ಬಿಲ್ಲು, ಮಗನ ಟಿ.ಸಿ.ಯಲ್ಲಿನ ವಿಳಾಸ, ತಾಯಿ ಕಾರ್ಡು, ನೀರಿನ ಕಂದಾಯದ ರಸೀದಿ. ಒಬ್ಬರ ಮನೆಯಲ್ಲಿ ಮದುವೆ ಕರೆಯೋಲೆ ಸಿಕ್ಕಿತು, ಅದರಲ್ಲಿ ಆ ಕೇರಿಯ ಹೆಸರು ಅಚ್ಚಾಗಿತ್ತು. ಅದು ನಡೆಯುತ್ತದೋ ಇಲ್ಲವೋ, ಅಕ್ಕ ಅದನ್ನೂ ಬರೆಸಿದರು. ಇಲಿ ತಿಂದ ರೇಷನ್ ಕಾರ್ಡಿನ ಅರ್ಧವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಕ್ಕಿ ಡಬ್ಬಿಯೊಳಗೆ ಇಟ್ಟುಕೊಂಡಿದ್ದ ಮುದುಕಿಯೊಬ್ಬರು, ಅದನ್ನು ನನ್ನ ಕೈಗೆ ಕೊಡಲು ಒಪ್ಪದೆ ತಾವೇ ಹಿಡಿದುಕೊಂಡು ಓದಿಸಿದರು. ನಮ್ಮ ಚಿಕ್ಕಮ್ಮನ ಪುಟ ನಾನೇ ಬರೆದೆ. ಅವರಲ್ಲಿ ಇದ್ದದ್ದು ನನ್ನ ತಮ್ಮನ ಅಂಗನವಾಡಿ ದಾಖಲೆ.

ನಾನು ಓದಿದ ಯಾವ ಪ್ರಣಾಳಿಕೆಗಿಂತಲೂ ಆ ಲೆಕ್ಕದ ಪುಸ್ತಕ ಮೇಲು ಎಂದು ಈಗಲೂ ಅನಿಸುತ್ತದೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಮನೆಯಿಂದ ಹೊರಹಾಕಿಸಿಕೊಂಡವರ ಚಳವಳಿಯಿಂದ ಬಂದ ಅದಾ ಕೊಲಾವ್ ಎಂಬ ಹೆಂಗಸು 2015ರಲ್ಲಿ ಮೇಯರೇ ಆದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಅಕ್ಕ. ವ್ಯತ್ಯಾಸವೆಂದರೆ ಅಲ್ಲಿಯ ನಗರಸಭೆ ಸ್ವಂತ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡಬಲ್ಲದು. ನಮ್ಮ ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಅನುಸೂಚಿಯಲ್ಲೂ ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ ಎಲ್ಲ ನಗರಸಭೆಗೇ ಬರೆದಿವೆ. ಬರೆದಿರುವುದು ನಮ್ಮಲ್ಲಿಗೆ ಇಳಿದು ಬಂದಿಲ್ಲ, ಅಷ್ಟೇ. 38ನೇ ಕಲಮಿನ ಹಾಗೆ.

ಮೇ 23ಕ್ಕೆ ಲೋಕಸಭೆಯ ಫಲಿತಾಂಶ ಬಂತು. ಆಮೇಲಿನ ಆರು ದಿನ ವಾರ್ಡಿನ ಬೀದಿಯಲ್ಲಿ ದೆಹಲಿಯದೇ ಮಾತು. ಗಟಾರದ ಚಪ್ಪಡಿಯೂ ರಾಷ್ಟ್ರದ ವಿಚಾರವಾಯಿತು. ಅಕ್ಕ ಗೆಲ್ಲಲಿಲ್ಲ. ಠೇವಣಿ ಉಳಿಯಿತು ಎಂಬುದೇ ಸಂಭ್ರಮವಾಗಿ, ಸಂಘದವರು ಅವಲಕ್ಕಿ ಕಲೆಸಿ ಹಂಚಿದರು. ಗೆದ್ದವರ ಪಾಡೂ ಏನು ಮಹಾ? ಅಧ್ಯಕ್ಷ ಸ್ಥಾನದ ಮೀಸಲಾತಿಯ ತಕರಾರು ಕೋರ್ಟಿನಲ್ಲಿ ಕೂತು, ರಾಜ್ಯದ ಎಷ್ಟೋ ಊರುಗಳಲ್ಲಿ ಆ ವರ್ಷ ಗೆದ್ದ ಮೆಂಬರುಗಳು ಅಧ್ಯಕ್ಷರಿಲ್ಲದೆ ವರ್ಷ ದಾಟಿ ಕಾದರು.

ಲೆಕ್ಕದ ಪುಸ್ತಕ ಮಾತ್ರ ಕೆಲಸ ಮಾಡಿತು. ಮಳೆಗಾಲ ಮುಗಿದ ಮೇಲೆ ಅಕ್ಕ ಹತ್ತತ್ತು ಮನೆಯವರನ್ನು ಸೇರಿಸಿಕೊಂಡು ಅರ್ಜಿ ಹಾಕಿಸಲು ಶುರುಮಾಡಿದರು. ಒಬ್ಬೊಬ್ಬರೇ ಹೋದರೆ ನಾಳೆ ಬನ್ನಿ ಎನ್ನುತ್ತಾರೆ, ಹತ್ತು ಜನ ಹೋದರೆ ಕುಳಿತುಕೊಳ್ಳಿ ಎನ್ನುತ್ತಾರೆ ಎಂಬುದು ಅವರ ಲೆಕ್ಕ. ಕೆಲವರಿಗೆ ಹಕ್ಕುಪತ್ರ ಬಂದಿದೆ. ಬಂದವರಲ್ಲಿ ಇಬ್ಬರು ಅದನ್ನು ಲ್ಯಾಮಿನೇಶನ್ ಮಾಡಿಸಿ ದೇವರ ಪಟದ ಪಕ್ಕ ನೇತುಹಾಕಿದ್ದಾರೆ. ಚಿಕ್ಕಮ್ಮನದು ಬಂದಿಲ್ಲ.

ಬಾರದ್ದಕ್ಕೆ ಕಾರಣವಿದೆ, ಅದನ್ನು ಹೇಳದೆ ಬಿಟ್ಟರೆ ನ್ಯಾಯವಲ್ಲ. ಆ ಸಾಲಿನ ಕೊನೆಯ ಮನೆಗಳಿರುವ ಜಾಗ ಹಳೆಯ ನಕ್ಷೆಯಲ್ಲಿ ಕೆರೆ ಅಂಗಳ. ಕೆರೆಯ ಜಾಗವನ್ನು ಯಾರಿಗೂ ಬರೆದುಕೊಡುವಂತಿಲ್ಲ. ಆ ನಿಯಮ ಇರುವುದು ಸರಿ ಎಂದೇ ನನ್ನ ಅಭಿಪ್ರಾಯ. ಕೆರೆ, ಕಾನು ಉಳಿಯಬೇಕೆಂದು ಬರೆದವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಅದೇ ಕೆರೆಯ ಇನ್ನೊಂದು ದಡದಲ್ಲಿ ಡಾಂಬರು ರಸ್ತೆ ಇದೆ, ಸರ್ಕಾರದ್ದೇ ಕಟ್ಟಡವಿದೆ. ಕೆರೆಯ ನೆನಪು ಬರುವುದು ನೀಲಿ ಟಾರ್ಪಾಲಿನ ಕಡೆ ನೋಡಿದಾಗ ಮಾತ್ರ. ನಮ್ಮ ಮಲೆನಾಡಿನದು ಹಳೆಯ ಅಭ್ಯಾಸ ಇದು. ಅಡಿಕೆ ತೋಟಕ್ಕೆ ಸೊಪ್ಪು ಬೇಕೆಂದು ತೋಟದವರಿಗೆ ಸರ್ಕಾರ ಸೊಪ್ಪಿನಬೆಟ್ಟವನ್ನೇ ಬಿಟ್ಟುಕೊಟ್ಟಿತು. ಆ ಬೆಟ್ಟದಿಂದ ಸೊಪ್ಪು ಹೊತ್ತು ತಂದವನಿಗೆ ಕಾಲು ಚಾಚುವಷ್ಟು ಜಾಗ ಯಾವ ದಾಖಲೆಯಲ್ಲೂ ಬರಲಿಲ್ಲ. ಕೆರೆ ಅಂಗಳದಿಂದ ಏಳಿಸುವುದಾದರೆ ಏಳಿಸಲಿ, ಬೇರೆಡೆ ಸೈಟು ತೋರಿಸಿ ಏಳಿಸಲಿ ಎಂಬುದು ಅಲ್ಲಿಯವರ ಮಾತು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

2025ರಲ್ಲಿ ಪಟ್ಟಣಗಳ ದಾಖಲೆಯಿಲ್ಲದ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಬಂದಾಗ ಕೇರಿಯಲ್ಲಿ ಮತ್ತೆ ಗದ್ದಲವೆದ್ದಿತು. ಖಾತಾ ಅಂದರೆ ಹಕ್ಕುಪತ್ರವಲ್ಲ, ತೆರಿಗೆ ಯಾರು ಕಟ್ಟಬೇಕು ಎಂಬುದರ ಲೆಕ್ಕ ಅದು, ಸರ್ಕಾರಿ ಜಾಗಕ್ಕೆ ಅದೂ ಸಿಗುವುದಿಲ್ಲ ಎಂದು ಅಕ್ಕ ಮನೆಮನೆಗೆ ಹೋಗಿ ಹೇಳಿ ಬರಬೇಕಾಯಿತು. ಹೊಲಿಗೆ ಯಂತ್ರದ ಪಕ್ಕದಲ್ಲೇ ಈಗ ಒಂದು ಕಬ್ಬಿಣದ ಕಪಾಟಿದೆ. ಲೆಕ್ಕದ ಪುಸ್ತಕ ಎರಡನೆಯದು ನಡೆಯುತ್ತಿದೆ. ಮುಂದಿನ ಸಲ ನಿಲ್ಲುತ್ತೀರಾ ಎಂದು ಕೇಳಿದರೆ, "ಈಗ ಅದಕ್ಕೆಲ್ಲ ಎಲ್ಲಿ ಪುರಸೊತ್ತು" ಎನ್ನುತ್ತಾರೆ.

ಹೋದ ತಿಂಗಳು ಹೋದಾಗ ಕೆರೆ ಅಂಗಳದ ಮನೆಗಳ ಪುಟಗಳನ್ನು ಬೇರೆ ತೆಗೆದು, ಹಳೆಯ ಸರ್ವೆ ನಕ್ಷೆಯ ಜೆರಾಕ್ಸಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತಿದ್ದರು. ಕೆರೆಯ ಗಡಿ ನಿಜವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ಅಳೆಸಬೇಕಂತೆ. ಚಿಕ್ಕಮ್ಮನ ಮನೆ ಗೆರೆಯ ಮೇಲೆಯೇ ಬರುತ್ತದೆ, ಅಡುಗೆಮನೆ ಆಚೆ, ಜಗಲಿ ಈಚೆ. ಸರ್ವೆಗೆ ಅರ್ಜಿ ಬರೆದುಕೊಡು, ನಿನ್ನ ಅಕ್ಷರ ದುಂಡಗಿದೆ ಎಂದರು. ಬರೆದುಕೊಟ್ಟು ಬಂದೆ.